ರಾಖಿಯ ಮರೆಯಲ್ಲಿ ಉಳಿದ ಬಡ್ಡಿ ಲೆಕ್ಕ: ಉದಯನಗರದ ಸಿಸ್ಟರ್ ರಾಣಿ ಮರಿಯ ಪ್ರಕರಣ

ಈ ಪ್ರಕರಣವನ್ನು ಹೇಳುವವರು ಬಹುತೇಕ ಜೈಲಿನಿಂದಲೇ ಶುರು ಮಾಡುತ್ತಾರೆ. 2002ರ ಆಗಸ್ಟ್, ಇಂದೋರಿನ ಸೆರೆಮನೆ. ಕೊಲೆ ಅಪರಾಧಕ್ಕೆ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದ ಸಮುಂದರ್ ಸಿಂಗ್ ಎಂಬಾತನ ಕೈಗೆ ಒಬ್ಬ ಕನ್ಯಾಸ್ತ್ರೀ ರಾಖಿ ಕಟ್ಟುತ್ತಾರೆ. ಅವರು ಸಿಸ್ಟರ್ ಸೆಲ್ಮಿ ಪೌಲ್. ಅವನು ಕೊಂದದ್ದು ಅವರ ಒಡಹುಟ್ಟಿದ ಅಕ್ಕ ಸಿಸ್ಟರ್ ರಾಣಿ ಮರಿಯರನ್ನು. ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ಆಗಲೇಬೇಕು, ಅಂಥ ಘಟನೆ ಅದು.

ನನ್ನ ತಕರಾರು ಇಷ್ಟೇ: ರಾಖಿಯ ಕಥೆ ಎಷ್ಟು ಚೆನ್ನಾಗಿದೆಯೆಂದರೆ, ಆ ಅಕ್ಕ ಮಧ್ಯಪ್ರದೇಶದ ಉದಯನಗರದಲ್ಲಿ ಏನು ಕೆಲಸ ಮಾಡುತ್ತಿದ್ದರು, ಅದರಿಂದ ಯಾರ ಆದಾಯಕ್ಕೆ ಕಲ್ಲು ಬಿತ್ತು ಎನ್ನುವುದನ್ನು ಯಾರೂ ಕೇಳುವುದೇ ಇಲ್ಲ. ಸ್ವಸಹಾಯ ಸಂಘಗಳ ಪುಸ್ತಕ ಬರಹಗಾರ್ತಿಯರಿಗೆ, ಅಂದರೆ ಸಂಘದ ಜಮಾಖರ್ಚು ಬರೆಯುವವರಿಗೆ, ಲೆಕ್ಕ ಕಲಿಸುವ ಕೆಲಸ ನನ್ನದು. ಹಾಗಾಗಿ ಕ್ಷಮೆಗಿಂತ ಮೊದಲು ಲೆಕ್ಕದ ಕಡೆ ಕಣ್ಣು ಹೋಗುತ್ತದೆ. ಇಲ್ಲಿ ಪ್ರಕರಣವನ್ನು ಆ ಕಡೆಯಿಂದ ಬಿಡಿಸಿ ನೋಡುತ್ತೇನೆ.

ಪುಲ್ಲುವಳಿಯಿಂದ ಉದಯನಗರಕ್ಕೆ

ರಾಣಿ ಮರಿಯ ಹುಟ್ಟಿದ್ದು 1954ರ ಜನವರಿ 29ರಂದು, ಕೇರಳದ ಪೆರುಂಬಾವೂರಿನ ಹತ್ತಿರದ ಪುಲ್ಲುವಳಿಯಲ್ಲಿ. ತಂದೆ ಪೈಲಿ, ತಾಯಿ ಎಲಿಶ್ವ. ಸೇರಿದ್ದು ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆ ಎಂಬ ಕನ್ಯಾಸ್ತ್ರೀಯರ ಸಂಸ್ಥೆಯನ್ನು. 2008ರಲ್ಲಿ ಸಂತ ಪದವಿಗೇರಿದ ಅಲ್ಫೋನ್ಸಾ ಕೂಡ ಇದೇ ಸಭೆಯವರು. ಅಲ್ಫೋನ್ಸಾ ಕಾಯಿಲೆಯಲ್ಲಿ ನರಳುತ್ತಾ ಮಠದ ನಾಲ್ಕು ಗೋಡೆಯೊಳಗೇ ಬದುಕು ಮುಗಿಸಿದವರು. ಈಕೆ ದಾರಿಯಲ್ಲಿ ಓಡಾಡಿ, ದಾರಿಯಲ್ಲೇ ಸತ್ತರು.

1974ರಲ್ಲಿ ಮೊದಲ ವ್ರತ ಸ್ವೀಕರಿಸಿ, ಮರುವರ್ಷದ ಕೊನೆಯಲ್ಲಿ ಉತ್ತರ ಪ್ರದೇಶದ ಬಿಜನೌರಿಗೆ ಬಂದರು. ಅಲ್ಲಿ ಶಾಲೆಯಲ್ಲಿ ಪಾಠ. 1983ರಲ್ಲಿ ಮಧ್ಯಪ್ರದೇಶದ ಸತ್ನಾ ಧರ್ಮಪ್ರಾಂತ್ಯದ (ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ) ಒಡಗಡಿ. 1992ರ ಮೇ ತಿಂಗಳಲ್ಲಿ ಇಂದೋರ್ ಧರ್ಮಪ್ರಾಂತ್ಯದ ಉದಯನಗರ. ಶಾಲೆಯ ಗೋಡೆಯಿಂದ ಹೊರಬಿದ್ದು ಹಳ್ಳಿಯ ಕೆಲಸಕ್ಕೆ ಬಂದವರು ಮತ್ತೆ ತರಗತಿಗೆ ಮರಳಲಿಲ್ಲ. ಆದರೆ ಕಲಿಸುವ ಕೆಲಸ ನಿಲ್ಲಲಿಲ್ಲ. ಕಲಿಯುವವರ ವಯಸ್ಸು ಮಾತ್ರ ಬದಲಾಯಿತು.

ಉದಯನಗರ ಇರುವುದು ದೇವಾಸ್ ಜಿಲ್ಲೆಯಲ್ಲಿ. ದೇವಾಸ್ ಎಂದರೆ ನಮ್ಮವರಿಗೆ ನೆನಪಾಗುವುದು ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿ, ಕ್ಷಯಕ್ಕೆ ಹವೆ ಒಳ್ಳೆಯದೆಂದು 1948ರಲ್ಲಿ ದೇವಾಸಿಗೆ ಹೋದವರು ಕೊನೆಯವರೆಗೂ ಅಲ್ಲೇ ಉಳಿದರು. 1992ರ ಜನವರಿಯಲ್ಲಿ ಅವರು ತೀರಿಕೊಂಡರು; ನಾಲ್ಕು ತಿಂಗಳಿಗೆ ರಾಣಿ ಮರಿಯ ಅದೇ ಜಿಲ್ಲೆಗೆ ಬಂದರು. ಎರಡಕ್ಕೂ ಸಂಬಂಧವೇನೂ ಇಲ್ಲ, ನಿಜ. ಆದರೆ ಕುಮಾರ ಗಂಧರ್ವರು ಹಾಡಿದ ಮಾಳ್ವದ ಜನಪದ ಗೀತೆಗಳನ್ನು ಕೇಳಿದವರಿಗೆ ಜಿಲ್ಲೆಯ ಇನ್ನೊಂದು ಮಗ್ಗುಲು ಗೊತ್ತಿರಲಿಕ್ಕಿಲ್ಲ. ದೇವಾಸಿನ ದಕ್ಷಿಣಕ್ಕೆ, ನರ್ಮದೆಯ ಕಡೆಗೆ ಇಳಿಯುವ ಗುಡ್ಡಗಾಡು ಅದು. ಭಿಲ್, ಭಿಲಾಲ, ಬಾರೆಲ, ಕೊರ್ಕು ಜನರ ಊರುಗಳು. ಮಳೆ ನಂಬಿದ ಬೇಸಾಯ, ವರ್ಷದ ಉಳಿದ ತಿಂಗಳು ಕೂಲಿ.

ಒಂದು ಮೂಟೆ ಬೀಜದ ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲಬೇಕು. ಪ್ರಕರಣದ ಗಂಟು ಇರುವುದೇ ಇಲ್ಲಿ.

ಮಧ್ಯ ಭಾರತದ ಹಳ್ಳಿಗಳಲ್ಲಿ ಬಿತ್ತನೆ ಸಾಲಕ್ಕೆ ಎರಡು ಹಳೆಯ ಹೆಸರುಗಳಿವೆ. ಒಂದು ಸವಾಯಿ, ಇನ್ನೊಂದು ಡೇಢಿ. ಸವಾಯಿ ಅಂದರೆ ಒಂದೂಕಾಲು, ಡೇಢಿ ಅಂದರೆ ಒಂದೂವರೆ. ಮುಂಗಾರಿಗೆ ಸಾಹುಕಾರನ ಮನೆಯಿಂದ ನೂರು ಕಿಲೋ ಬೀಜ ತಂದರೆ, ಸುಗ್ಗಿಗೆ ಸವಾಯಿಯಲ್ಲಿ 125 ಕಿಲೋ, ಡೇಢಿಯಲ್ಲಿ 150 ಕಿಲೋ ವಾಪಸ್. ಕೇಳಲಿಕ್ಕೆ ಅಂಥ ಅನ್ಯಾಯ ಅನ್ನಿಸುವುದಿಲ್ಲ. "ಕಾಲು ಭಾಗ ತಾನೆ ಹೆಚ್ಚಿಗೆ ಕೇಳಿದ್ದು?" ಆದರೆ ಸಾಲ ಇದ್ದದ್ದು ವರ್ಷವಲ್ಲ, ಹೆಚ್ಚೆಂದರೆ ನಾಲ್ಕು ತಿಂಗಳು. ವರ್ಷದ ಲೆಕ್ಕಕ್ಕೆ ತಂದರೆ ಸವಾಯಿ ನೂರಕ್ಕೆ 75, ಡೇಢಿ ನೂರಕ್ಕೆ 150. ತರಬೇತಿಯಲ್ಲಿ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಾಗ ಹಿಂದಿನ ಸಾಲಿನಲ್ಲಿ ಯಾರಾದರೊಬ್ಬರು ನಗುತ್ತಾರೆ. ನಮ್ಮ ಪೇಟೆಯ ಮೀಟರ್ ಬಡ್ಡಿ ನೆನಪಾಗಿರುತ್ತದೆ.

ಬೀಜದ ಬದಲು ರೊಕ್ಕ ತಂದರೆ ಪೆಟ್ಟು ಎರಡು. ಉದಾಹರಣೆಗೆ ಒಬ್ಬ ಜೂನಿನಲ್ಲಿ ಸಾವಿರ ರೂಪಾಯಿ ತಂದ ಎಂದಿಟ್ಟುಕೊಳ್ಳಿ. ಮಾತು ಆಗಿದ್ದು ಸುಗ್ಗಿಯಲ್ಲಿ ಕಾಳಿನಲ್ಲಿ ತೀರಿಸಬೇಕೆಂದು. ಸುಗ್ಗಿಯ ಹೊತ್ತಿಗೆ ಎಲ್ಲರ ಕಾಳೂ ಒಟ್ಟಿಗೆ ಕಣಕ್ಕೆ ಬಂದು ಧಾರಣೆ ನೆಲ ಕಚ್ಚಿರುತ್ತದೆ. ಬಡ್ಡಿ ಒಂದು ಕಡೆ, ಇಳಿದ ಧಾರಣೆ ಇನ್ನೊಂದು ಕಡೆ. ಕಾಳನ್ನು ಅಳೆಯುವವನೂ ಅವನೇ, ತಕ್ಕಡಿಯೂ ಅವನದೇ. ಚೀಟಿಯಲ್ಲಿ ಬರೆದ ಅಂಕಿ ಓದಲು ಬಾರದವನು ಹೆಬ್ಬೆಟ್ಟು ಒತ್ತುತ್ತಾನೆ. ಮಧ್ಯೆ ಮನೆಯಲ್ಲಿ ಯಾರಿಗೋ ಕಾಯಿಲೆ ಬಂದರೆ ಹೆಂಗಸರ ಮೈಮೇಲಿನ ಬೆಳ್ಳಿ ಅಡವಿಗೆ ಹೋಗುತ್ತದೆ. ಭಿಲ್, ಭಿಲಾಲ ಮನೆಗಳಲ್ಲಿ ಬೆಳ್ಳಿ ಬರೀ ಒಡವೆಯಲ್ಲ, ಆ ಮನೆಯ ಬ್ಯಾಂಕು. ಅದೂ ಹೋದ ಮೇಲೆ ಉಳಿಯುವುದು ಮೈ ದುಡಿಮೆ: ಮುಂದಿನ ಹಂಗಾಮಿಗೆ ಸಾಹುಕಾರನ ಹೊಲದಲ್ಲಿ ಅವನು ಹೇಳಿದ ಕೂಲಿಗೆ.

ಅಂಥ ಊರುಗಳಲ್ಲಿ ಸಾಲ ಕೊಡುವವನು, ಕಾಳು ಕೊಳ್ಳುವವನು, ಕಿರಾಣಿ ಅಂಗಡಿಯವನು, ಪಂಚಾಯತಿ ರಾಜಕಾರಣ ಮಾಡುವವನು ಬೇರೆ ಬೇರೆ ಜನ ಆಗಿರುವುದು ಅಪರೂಪ. ಒಂದೇ ಮನೆಯ ಅಣ್ಣತಮ್ಮಂದಿರು ಹಂಚಿಕೊಂಡಿರುತ್ತಾರೆ.

ಅವರು ಮಾಡಿದ್ದೇನು

ರಾಣಿ ಮರಿಯ ಮಾಡಿದ ಕೆಲಸವನ್ನು ಪಟ್ಟಿ ಮಾಡಿದರೆ ಯಾವುದೇ ಬ್ಲಾಕ್ ಆಫೀಸಿನ ಪ್ರಗತಿ ವರದಿಯ ಹಾಗೆ ಸಪ್ಪೆಯಾಗಿ ಕಾಣುತ್ತದೆ. ಹಳ್ಳಿಗಳಿಗೆ ನಡೆದು ಹೋಗುವುದು, ಹೆಂಗಸರನ್ನು ಕೂಡಿಸಿ ಸಣ್ಣ ಉಳಿತಾಯದ ಗುಂಪು ಕಟ್ಟುವುದು, ವಯಸ್ಕರಿಗೆ ಅಕ್ಷರ ಮತ್ತು ಅಂಕಿ ಕಲಿಸುವುದು, ಸರ್ಕಾರದ ಯೋಜನೆಗೆ ಅರ್ಜಿ ಹಾಕಿಸುವುದು, ರೈತರನ್ನು ಬ್ಯಾಂಕಿಗೆ ಕರೆದೊಯ್ದು ಕಡಿಮೆ ಬಡ್ಡಿಗೆ ಸಾಲ ಕೊಡಿಸುವುದು, ಬೇಸಾಯದ ಸುಧಾರಿತ ಕ್ರಮ ತಿಳಿಸುವುದು. ಇಷ್ಟರಲ್ಲಿ ಯಾವುದೂ ಕಾನೂನಿಗೆ ವಿರುದ್ಧವಲ್ಲ. ಸರ್ಕಾರವೇ ಹೀಗೆ ಮಾಡಿ ಎಂದು ಸುತ್ತೋಲೆ ಕಳಿಸುತ್ತಿದ್ದ ಕೆಲಸ.

ಕಾಲವೂ ಹಾಗಿತ್ತು. ಬಡವರಿಗೆ ಬ್ಯಾಂಕ್ ಸಾಲ ಸಿಗುತ್ತಿದ್ದ ಮುಖ್ಯ ದಾರಿ ಆಗ ಐಆರ್‌ಡಿಪಿ, ಅಂದರೆ ಸಮಗ್ರ ಗ್ರಾಮೀಣ ಅಭಿವೃದ್ಧಿ ಯೋಜನೆ. ಪರಿಶಿಷ್ಟ ಪಂಗಡದವರಿಗೆ ಅದರಲ್ಲಿ ಅರ್ಧದಷ್ಟು ಸಬ್ಸಿಡಿ ಇತ್ತು. ಯೋಜನೆ ಕಾಗದದ ಮೇಲಿದ್ದರೆ ಸಾಕೇ? ಅರ್ಜಿ ಬರೆಯುವವರು ಬೇಕು, ಮ್ಯಾನೇಜರ್ ಮುಂದೆ ಕೂತು ಮಾತಾಡುವವರು ಬೇಕು. ಆ ಕೆಲಸಕ್ಕೆ ದಲ್ಲಾಳಿಗಳು ತಯಾರಾಗಿ ನಿಂತಿರುತ್ತಿದ್ದರು, ಸಬ್ಸಿಡಿಯಲ್ಲಿ ತಮ್ಮ ಪಾಲು ಹಿಡಿದುಕೊಂಡು. ಇತ್ತ ಕರ್ನಾಟಕದಲ್ಲಿ 1980ರ ದಶಕದಲ್ಲೇ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯವರು ಹಳ್ಳಿಯ ಸಣ್ಣ ಸಂಘಗಳನ್ನು ಕಟ್ಟಿ, ಅವುಗಳಿಗೆ ನೇರವಾಗಿ ಸಾಲ ಕೊಟ್ಟರೆ ವಾಪಸ್ ಬರುತ್ತದೆ ಎಂದು ತೋರಿಸಿದ್ದರು. ಆ ಅನುಭವದ ಬಲದಿಂದಲೇ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಅದೇ ವರ್ಷ ರಾಣಿ ಮರಿಯ ಉದಯನಗರಕ್ಕೆ ಕಾಲಿಟ್ಟದ್ದು. ಇವತ್ತು ಸ್ತ್ರೀಶಕ್ತಿ, ಸಂಜೀವಿನಿ ಎಂದು ಊರಿಗೆ ಹತ್ತು ಸಂಘ ಕಂಡವರಿಗೆ ಆ ಹೊತ್ತಿನಲ್ಲಿ ಅದೆಷ್ಟು ಹೊಸ ಮಾತು ಎಂದು ಊಹಿಸುವುದು ಕಷ್ಟ.

ಸಂಘ ಏನು ಮಾಡುತ್ತದೆಂದು ಒಂದು ಮಾತು. ಹತ್ತರಿಂದ ಇಪ್ಪತ್ತು ಹೆಂಗಸರು, ವಾರಕ್ಕೊಮ್ಮೆ ಸಭೆ, ತಲೆಗಿಷ್ಟು ಉಳಿತಾಯ. ಒಳಗಿನ ಸಾಲಕ್ಕೆ ಸಾಮಾನ್ಯವಾಗಿ ತಿಂಗಳಿಗೆ ನೂರಕ್ಕೆ ಎರಡು. ವರ್ಷಕ್ಕೆ 24 ಆಯಿತಲ್ಲ, ಅದೂ ಕಡಿಮೆಯಲ್ಲ ಎಂದು ಓದಿದವರು ಆಕ್ಷೇಪ ಎತ್ತುತ್ತಾರೆ. ಹೌದು. ಆದರೆ ಆ ಬಡ್ಡಿ ಹೋಗಿ ಬೀಳುವುದು ಸಂಘದ ಪೆಟ್ಟಿಗೆಗೇ. ಸಾಹುಕಾರನ ಮನೆಗೆ ಹೋದ ಕಾಲು ಮೂಟೆ ಮರಳಿ ಬರುವುದಿಲ್ಲ. ಇನ್ನೊಂದು ಸಂಗತಿ, ಹಣಕ್ಕಿಂತ ದೊಡ್ಡದು: ನಡಾವಳಿ ಪುಸ್ತಕ. ಯಾರು ಎಷ್ಟು ತಂದರು, ಎಷ್ಟು ಕಟ್ಟಿದರು ಎಂದು ಎಲ್ಲರೆದುರು ಗಟ್ಟಿಯಾಗಿ ಓದಲಾಗುತ್ತದೆ. ಒಮ್ಮೆ ಹಾಗೆ ಓದಿಸಿಕೊಂಡು ಕೇಳಿದ ಹೆಂಗಸು ಮಾರನೇ ದಿನ ಸಾಹುಕಾರನ ಅಂಗಡಿಯಲ್ಲಿ "ನನ್ನ ಚೀಟಿ ಓದಿ ಹೇಳ್ರಿ" ಅನ್ನುತ್ತಾಳೆ. ನಾನು ಕಂಡ ಹಾಗೆ, ಜಗಳ ಶುರುವಾಗುವುದು ಆ ಮಾತಿನಿಂದ. ಸಾಲ ನಿಂತದ್ದಕ್ಕಲ್ಲ.

ಇದರ ಜೊತೆಗೆ ಇನ್ನೊಂದು ಬದಲಾವಣೆ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರಂತೆ ಮೊಟ್ಟಮೊದಲು ಪಂಚಾಯತಿ ಚುನಾವಣೆ ನಡೆಸಿದ ರಾಜ್ಯ ಮಧ್ಯಪ್ರದೇಶ, 1994ರಲ್ಲಿ. ಆದಿವಾಸಿಗಳಿಗೆ ಮೀಸಲು, ಹೆಂಗಸರಿಗೆ ಮೂರರಲ್ಲೊಂದು ಸ್ಥಾನ. ಅಂದರೆ ಎರಡೇ ವರ್ಷದಲ್ಲಿ ಹಳ್ಳಿಯ ದೊಡ್ಡವರ ಕೈಯಿಂದ ಎರಡು ಹಗ್ಗ ಸಡಿಲವಾದವು: ಸಾಲದ್ದು ಮತ್ತು ಸರಪಂಚನ ಕುರ್ಚಿಯದು. ಎರಡನೆಯದು ದಿಲ್ಲಿಯಿಂದ ಬಂದದ್ದು, ಅದರ ಮೇಲೆ ಸಿಟ್ಟು ತೀರಿಸಿಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ. ಮೊದಲನೆಯದಕ್ಕೆ ಒಂದು ಮುಖ ಇತ್ತು. ಅದು ಒಬ್ಬಂಟಿಯಾಗಿ ಬಸ್ಸಿನಲ್ಲಿ ಓಡಾಡುತ್ತಿತ್ತು.

ಶನಿವಾರದ ಬಸ್ಸು

1995ರ ಫೆಬ್ರವರಿ 25. ಬೆಳಗ್ಗೆ ಉದಯನಗರದಿಂದ ಇಂದೋರಿಗೆ ಹೊರಟ ಬಸ್ಸು. ರಾಣಿ ಮರಿಯ ಅದರಲ್ಲಿದ್ದರು. ಇಪ್ಪತ್ತರ ಹರೆಯದ ಸಮುಂದರ್ ಸಿಂಗ್ ತನ್ನ ಜೊತೆಗಾರರೊಡನೆ ಅದೇ ಬಸ್ಸಿನಲ್ಲಿದ್ದ. ಅವರ ಬದುಕನ್ನು ದಾಖಲಿಸಿದವರು ಒಂದು ವಿವರ ಬರೆಯುತ್ತಾರೆ: ದಾರಿಯಲ್ಲಿ ಬಸ್ಸು ನಿಲ್ಲಿಸಿ ಇಳಿದ ಅವನು ತೆಂಗಿನಕಾಯಿ ಒಡೆದು, ಒಳಗೆ ಬಂದು ಚೂರು ಹಂಚಿದ. ಏನು ಇವತ್ತು ಇಷ್ಟು ಸಂತೋಷ ಎಂದು ಸಿಸ್ಟರ್ ಕೇಳಿದರು. ಅವನ ಉತ್ತರ ಚಾಕು.

ಶುಭಕಾರ್ಯಕ್ಕೆ ಹೊರಟವರು ಕಾಯಿ ಒಡೆಯುತ್ತಾರೆ. ಮಾಡಹೊರಟದ್ದು ಪುಣ್ಯದ ಕೆಲಸ ಎಂದು ಯಾರೋ ಆ ಹುಡುಗನ ತಲೆಗೆ ತುಂಬಿದ್ದರು ಎನ್ನುವುದಕ್ಕೆ ಆ ಕಾಯಿಗಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ.

ನಾಚನ್‌ಬೋರ್ ಗುಡ್ಡದ ಬಳಿ, ಬಸ್ಸಿನೊಳಗೂ ಹೊರಗೆ ಎಳೆದು ತಂದ ಮೇಲೂ ಇರಿದ. ಮೈಮೇಲೆ 54 ಗಾಯ. ಅವರಿಗೆ ಆಗ 41 ವರ್ಷ. ಬಸ್ಸಿನ ತುಂಬ ಜನ ಇದ್ದರು, ತಡೆಯಲು ಯಾರೂ ಮುಂದೆ ಬರಲಿಲ್ಲ. ದೇಹ ರಸ್ತೆ ಬದಿಯಲ್ಲೇ ಬಿದ್ದಿತ್ತು. ಎರಡು ದಿನಕ್ಕೆ ಉದಯನಗರದಲ್ಲೇ ಮಣ್ಣು ಮಾಡಿದರು.

ಮತಾಂತರದ ಮಾತು

ಈ ಹೆಂಗಸು ಆದಿವಾಸಿಗಳನ್ನು ಮತಾಂತರ ಮಾಡುತ್ತಿದ್ದಾಳೆ ಎಂಬ ಮಾತು ಕೊಲೆಗೆ ಮೊದಲೇ ಊರಲ್ಲಿ ಹಬ್ಬಿತ್ತು. ಊರಿನ ದೊಡ್ಡವರು ಹಾಗೆಂದು ತನಗೆ ಹೇಳಿ ಎತ್ತಿಕಟ್ಟಿದರು, ಕೊನೆಗೆ ಕೈಬಿಟ್ಟರು ಎಂದು ಸಮುಂದರ್ ಸಿಂಗ್ ಮುಂದೆ ತಾನೇ ಹೇಳಿಕೊಂಡಿದ್ದಾನೆ.

ಆ ಆರೋಪವನ್ನು ಸುಮ್ಮನೆ ತಳ್ಳಿಹಾಕುವುದು ಬೇಡ, ಪರೀಕ್ಷಿಸೋಣ. ಮಧ್ಯಪ್ರದೇಶದಲ್ಲಿ 1968ರಿಂದಲೇ ಧರ್ಮ ಸ್ವಾತಂತ್ರ್ಯ ಕಾಯ್ದೆ ಇತ್ತು. ಮತಾಂತರ ನಡೆದರೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ಬಲವಂತ ಅಥವಾ ಆಮಿಷ ಇದ್ದರೆ ಶಿಕ್ಷೆ. 1977ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿದಿತ್ತು. ಅಂದರೆ ಅನುಮಾನ ಇದ್ದವರಿಗೆ ಠಾಣೆಯ ಬಾಗಿಲು ತೆರೆದೇ ಇತ್ತು. ಆ ದಾರಿ ಬಿಟ್ಟು ಬಾಡಿಗೆ ಚಾಕು ಹಿಡಿದದ್ದು ಯಾಕೆ? ನನ್ನ ಉತ್ತರ: ಠಾಣೆಗೆ ಹೋದರೆ ಬರೆದುಕೊಡಬೇಕಾಗಿದ್ದ ನಿಜವಾದ ದೂರು "ಈಕೆ ನಮ್ಮ ಸಾಲಗಾರರಿಗೆ ಬ್ಯಾಂಕ್ ತೋರಿಸಿದಳು" ಎಂಬುದು. ಅದಕ್ಕೆ ಯಾವ ಕಾಯ್ದೆಯಲ್ಲೂ ಸೆಕ್ಷನ್ ಇಲ್ಲ.

ಇದು ಅದೊಂದೇ ಊರಿನ ಮಾತಲ್ಲ. 2011ರ ನವೆಂಬರ್ 15ರಂದು ಜಾರ್ಖಂಡಿನ ಪಾಕುಡ್ ಜಿಲ್ಲೆಯ ಪಚ್ವಾಡಾದಲ್ಲಿ ಸಿಸ್ಟರ್ ವಲ್ಸಾ ಜಾನ್ ಅವರನ್ನು ಕೊಂದರು. ಅವರು ನಿಂತಿದ್ದು ಕಲ್ಲಿದ್ದಲು ಗಣಿಗೆ ಭೂಮಿ ಕಳೆದುಕೊಂಡ ಸಂತಾಲರ ಪರವಾಗಿ. ಅವರೂ ಕೇರಳದವರು, ಶಾಲೆಯ ಟೀಚರಾಗಿದ್ದವರು.

ಚರ್ಚಿನ ಕಡತ

ಪ್ರಕರಣದ ಈ ತಿರುವು ನನಗೆ ಬಹಳ ಕುತೂಹಲದ್ದು. ಕಥೋಲಿಕ ಚರ್ಚಿನಲ್ಲಿ ಒಬ್ಬರನ್ನು ರಕ್ತಸಾಕ್ಷಿ ಎಂದು ಘೋಷಿಸಬೇಕಾದರೆ, ಸುಮ್ಮನೆ ಕೊಲೆಯಾದರೆ ಸಾಲದು. ಕೊಂದವರು ವಿಶ್ವಾಸದ, ಅಂದರೆ ಕ್ರೈಸ್ತ ಧರ್ಮಶ್ರದ್ಧೆಯ, ಮೇಲಿನ ದ್ವೇಷದಿಂದ ಕೊಂದರು ಎಂದು ಸಾಬೀತಾಗಬೇಕು. ಹಾಗೆ ಸಾಬೀತಾದರೆ ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗಿನ ಪುನೀತ ಪದವಿಗೆ ಪವಾಡದ ಸಾಕ್ಷ್ಯವೂ ಬೇಕಿಲ್ಲ.

ಈಗ ಇಕ್ಕಟ್ಟು ನೋಡಿ. ಬಡ್ಡಿ ವ್ಯವಹಾರ ಕೆಟ್ಟಿತೆಂದು ಕೊಂದಿದ್ದರೆ ಅದು ವಿಶ್ವಾಸದ ದ್ವೇಷವೇ? ಸಮುಂದರ್ ಸಿಂಗ್‌ನ ಬಾಯಲ್ಲಿ ಬಂದ ಮತಾಂತರದ ಮಾತು ಚರ್ಚಿನ ಕಡತಕ್ಕೆ ಸರಿಹೊಂದುತ್ತದೆ. ಆದರೆ ಅದನ್ನೇ ಒತ್ತಿ ಹೇಳಿದರೆ ಉಳಿತಾಯದ ಗುಂಪು, ಬ್ಯಾಂಕಿನ ಅರ್ಜಿ ಹಿಂದೆ ಸರಿದು, ಕೊಂದವರು ಕಟ್ಟಿದ ಕಥೆಯೇ ಮುಂದೆ ಬಂದು ನಿಲ್ಲುತ್ತದೆ. ಮಧ್ಯ ಅಮೆರಿಕದ ಎಲ್ ಸಾಲ್ವಡಾರಿನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ವಿಷಯದಲ್ಲೂ ಇದೇ ತೊಡಕು ಬಂದಿತ್ತು. ಅವರನ್ನು 1980ರಲ್ಲಿ ಪೂಜೆಯ ಪೀಠದ ಬಳಿಯೇ ಗುಂಡಿಟ್ಟು ಕೊಂದವರು ಕ್ರೈಸ್ತರೇ ಇದ್ದ ದೇಶದವರು. ಬಡವರಿಗೆ ನ್ಯಾಯ ಕೇಳುವುದು ವಿಶ್ವಾಸದ ಭಾಗವೇ ಆಗಿರುವಾಗ, ಆ ಕಾರಣಕ್ಕೆ ಕೊಂದರೂ ಅದು ವಿಶ್ವಾಸದ ದ್ವೇಷವೇ ಎಂದು ಒಪ್ಪಿ, 2015ರಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. ಆ ದಾರಿ ತೆರೆದ ಮೇಲೆ ರಾಣಿ ಮರಿಯರ ಕಡತವೂ ದಾಟಿತು. 2017ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರ ಒಪ್ಪಿಗೆ, ನವೆಂಬರ್ 4ರಂದು ಇಂದೋರಿನಲ್ಲಿ ಘೋಷಣೆ. ನಡೆಸಿಕೊಟ್ಟವರು ಕಾರ್ಡಿನಲ್ ಆಂಜೆಲೊ ಅಮಾತೊ. ಹೀಗೆ ಪುನೀತ ಪದವಿ ಪಡೆದ ಭಾರತದ ಮೊದಲ ಮಹಿಳಾ ರಕ್ತಸಾಕ್ಷಿ ಅವರು.

ಮತ್ತೆ ಜೈಲಿಗೆ

ರಾಖಿಯ ಕಥೆಯನ್ನು ಪಕ್ಕಕ್ಕಿಟ್ಟು ಇಷ್ಟು ದೂರ ಬಂದೆ. ಅದನ್ನು ಬಿಟ್ಟರೆ ಪ್ರಕರಣ ಪೂರ್ತಿಯಾಗುವುದಿಲ್ಲ.

ಜೈಲಿಗೆ ಮೊದಲು ಹೋಗಿಬರುತ್ತಿದ್ದವರು ಸ್ವಾಮಿ ಸದಾನಂದ ಎಂದೇ ಹೆಸರಾಗಿದ್ದ ಕೇರಳ ಮೂಲದ ಪಾದ್ರಿ. ಸೇಡು ತೀರಿಸಿಕೊಳ್ಳಬೇಕೆಂದು, ತನ್ನನ್ನು ಬಳಸಿಕೊಂಡವರನ್ನು ಹೊರಗೆ ಬಂದು ಮುಗಿಸಬೇಕೆಂದು ಕುದಿಯುತ್ತಿದ್ದವನ ಎದುರು ಕೂತು ಕೂತು ಅವನನ್ನು ತಣ್ಣಗೆ ಮಾಡಿದವರು ಅವರು. ಆಮೇಲೆ ಸೆಲ್ಮಿ ಪೌಲ್ ಬಂದರು. ಉತ್ತರ ಭಾರತದಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ರಾಖಿ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕ್ಷಮಿಸಿದ್ದೇನೆ ಎಂಬ ಮಾತನ್ನು ಅವನ ಭಾಷೆಯಲ್ಲೇ ಹೇಳಿದ ಹಾಗೆ ಅದು. ಮನೆಯವರು, ಸಿಸ್ಟರುಗಳು ಸೇರಿ ಅವನ ಬಿಡುಗಡೆಗೆ ಅರ್ಜಿಗೆ ಸಹಿ ಹಾಕಿದರು. 2006ರಲ್ಲಿ ಹೊರಬಂದ. ತಾಯಿ ಎಲಿಶ್ವ ಅವನನ್ನು ಕಂಡಾಗ ಅವನ ಕೈಗೆ ಮುತ್ತಿಟ್ಟರು. ತನ್ನ ಮಗಳ ರಕ್ತ ತಾಗಿದ ಕೈ ಅದು ಎಂಬುದು ಆ ತಾಯಿ ಕೊಟ್ಟ ಕಾರಣ. ಇದಕ್ಕೆ ವ್ಯಾಖ್ಯಾನ ಬರೆಯುವ ಶಕ್ತಿ ನನಗಿಲ್ಲ, ಬರೆಯಲೂ ಬಾರದು.

ಆದರೆ ಒಂದು ಮಾತು ಹೇಳದೆ ಇರಲಾರೆ. ಈ ಕ್ಷಮೆ ಕೇಳಿ ಪಡೆದವನು ಚಾಕು ಹಿಡಿದವನು. ಚಾಕು ಕೊಟ್ಟು ಕಳಿಸಿದವರು ಕ್ಷಮೆ ಕೇಳುವ ಪ್ರಸಂಗವೇ ಬರಲಿಲ್ಲ. ಕಥೆ ಎಷ್ಟು ಸಲ ಹೇಳಲ್ಪಟ್ಟಿತೋ ಅಷ್ಟೂ ಸಲ ಬೆಳಕು ಬಿದ್ದದ್ದು ಅವನ ಮುಖದ ಮೇಲೆ, ಅವರು ನೆರಳಲ್ಲೇ ಉಳಿದರು.

ಕಳೆದ ವರ್ಷ ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಪುಸ್ತಕ ಬರಹಗಾರ್ತಿಯರ ತರಬೇತಿ ಇತ್ತು. ಮಧ್ಯಾಹ್ನ ಊಟ ಆಗಿ ಎಲ್ಲರಿಗೂ ಜೊಂಪು ಹತ್ತುವ ಹೊತ್ತು. ಎಚ್ಚರ ಮಾಡಿಸಲೆಂದು ಈ ಪ್ರಕರಣ ಹೇಳಿದೆ: ಸವಾಯಿ, ಡೇಢಿ, ಬಸ್ಸು, ತೆಂಗಿನಕಾಯಿ, ಕೊನೆಗೆ ರಾಖಿ. ಕೆಲವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹಿಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕ್ಯಾಷ್ ಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ ಒಬ್ಬ ಹೆಣ್ಣುಮಗಳು ಕೈ ಎತ್ತಿದಳು.

"ಮೇಡಂರೀ, ಆ ವಾರದ ಮೀಟಿಂಗ್ ಆತೇನ್ರಿ?"